ಮುಚ್ಚಳ ತೆಗೆದವಳು

ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವವರು ಪಿರಿಹಿರಾಳನ್ನು ಕಂಡಿರಲಿಕ್ಕಿಲ್ಲ. ಮೂವತ್ತೆಂಟು ವರ್ಷದಿಂದ ಪ್ರವಾಸಿಗರಿಗೆ ಊರು ತೋರಿಸುತ್ತಿರುವ ಮೆರೆಪೆಕಾಳನ್ನು ಕೇಳಿ ನೋಡಿ, ಅತ್ತೆಯ ಹೆಸರೆತ್ತಿದರೆ ಇವತ್ತಿಗೂ ಕಣ್ಣು ತುಂಬಿಕೊಳ್ಳುತ್ತಾಳೆ.

ಮೆರೆಪೆಕಾ ಕಡಲತೀರದ ಹೆಣ್ಣು. ರೊಟೊರುವಾದ ಈ ಬಿಸಿನೀರಿನ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಗಂಧಕದ ವಾಸನೆಗೆ ಮೂಗು ಮುಚ್ಚಿಕೊಂಡೇ ಓಡಾಡಿದವಳು. ಊರು ತೋರಿಸುವ ಕೆಲಸ ಇಲ್ಲಿ ತಾಯಿಯಿಂದ ಮಗಳಿಗೆ ಬರುವಂಥದ್ದು. ಪಿರಿಹಿರಾಳಿಗೆ ಹೆಣ್ಣುಮಕ್ಕಳಿರಲಿಲ್ಲ, ಸೊಸೆಗೇ ಕಲಿಸತೊಡಗಿದಳು. ಅವಳ ತಂಗಿ ರಾಹೇರಾ ಸುಮ್ಮನಿರುತ್ತಾಳೆಯೇ?

"ಮೀನಿನೂರೋಳು ಬಿಸಿನೀರ್ ಬುಗ್ಗೆ ಕತೆ ಹೇಳ್ತಾಳಂತೆ! ಅಕ್ಕಾ, ನಿಂಗೆ ತಲೆ ಕೆಟ್ಟಿದೆ."

"ಒಂದ್ ತಿಂಗಳು ನೋಡೋಣ ಕಣೇ. ಆಗ್ಲಿಲ್ಲ ಅಂದ್ರೆ ಬಿಡಿಸ್ತೀನಿ," ಎಂದಳು ಪಿರಿಹಿರಾ.

ಆ ತಿಂಗಳ ಕೊನೆಯ ದಿನವೇ ಊರ ಹಿರಿಯ ಪಾರಾಟೆನೆ ಅಜ್ಜನ ಮಣ್ಣು. ಮೂರು ದಿನದಿಂದ ಸಭಾಮನೆಯಲ್ಲಿ ಅಳು, ಹಾಡು. ಮಣ್ಣು ಮುಗಿಸಿ ಬರುವ ಇನ್ನೂರು ಜನರ ಊಟಕ್ಕೆ ಹಂದಿಮಾಂಸ, ಸಿಹಿಗೆಣಸು ಎಲ್ಲವನ್ನೂ ನೆಲದ ಹಬೆಯ ಮೇಲಿನ ಮರದ ಪೆಟ್ಟಿಗೆಗೆ ಬೆಳಿಗ್ಗೆಯೇ ಇಳಿಸಿ, ಮುಚ್ಚಳ ಹಾಕಿ, ಒದ್ದೆ ಗೋಣಿಚೀಲ ಹೊದಿಸಿದ್ದರು. ಹಾಗೆ ಹೊದಿಸಿದ ಪೆಟ್ಟಿಗೆಯನ್ನು ಇಟ್ಟವರ ಹೊರತು ಯಾರೂ ತೆರೆಯುವಂತಿಲ್ಲ.

ಆವತ್ತು ಪ್ರವಾಸಿಗರನ್ನು ಬುಗ್ಗೆಗಳ ಕಡೆಗೆ ಮಾತ್ರ ಬಿಡುತ್ತಿದ್ದರು. ಮೆರೆಪೆಕಾಳ ಹಿಂದೆ ಹನ್ನೆರಡು ಜನ. ದಾರಿಯಲ್ಲಿ ಆ ಪೆಟ್ಟಿಗೆ ಕಂಡದ್ದೇ, ಮಾತಿನ ಹುರುಪಿನಲ್ಲಿ "ನಮ್ಮ ಅಡುಗೆಮನೆ ನೋಡಿ!" ಎಂದು ಗೋಣಿ ಸರಿಸಿ ಮುಚ್ಚಳ ಎತ್ತಿಯೇಬಿಟ್ಟಳು. ಅವರು ಫೋಟೋ ತೆಗೆದರು. ಅಷ್ಟರಲ್ಲಿ ಆಚೆ ಬುಗ್ಗೆ ಚಿಮ್ಮಿತು, ಎಲ್ಲರೂ ಅತ್ತ ಓಡಿದರು. ಅವಳೂ ಓಡಿದಳು, ಪೆಟ್ಟಿಗೆ ಬಾಯಿ ತೆರೆದುಕೊಂಡೇ ಉಳಿಯಿತು.

ಮಣ್ಣು ಮುಗಿಸಿ ಬಂದು ನೋಡಿದರೆ ಮಾಂಸ ಅರ್ಧಂಬರ್ಧ ಬೆಂದಿದೆ. "ಯಾರ್ ತೆಗ್ದಿದ್ದು ಇದನ್ನ?" ಎಂದು ರಾಹೇರಾ ಕೂಗಿದಳು. ಇನ್ನು ಮುಗಿಯಿತು ಎಂದುಕೊಂಡಳು ಮೆರೆಪೆಕಾ. ಕೆಲಸ ಹೋಯಿತು, ಈ ಊರಲ್ಲಿ ಇನ್ನು ಮುಖವೆತ್ತಿ ನಡೆಯುವುದೂ ಹೋಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ನಾನೇ ಚಿಕ್ಕತ್ತೆ."

ಪಿರಿಹಿರಾ ಸೊಸೆಯ ಮುಖ ನೋಡಲಿಲ್ಲ. ಮುಚ್ಚಳ ಹಾಕಿಸಿದಳು, ಒದ್ದೆ ಗೋಣಿ ಹೊದಿಸಿದಳು, ಮುಸುಕಿನ ಜೋಳದ ಬುಟ್ಟಿ ತರಿಸಿದಳು. ಬೆಪ್ಪಾಗಿ ನಿಂತಿದ್ದ ಹನ್ನೆರಡು ಜನ ಪ್ರವಾಸಿಗರನ್ನು ಕರೆದಳು. "ಫೋಟೋ ತೆಗೆದ್ರಲ್ಲಾ, ಬನ್ನಿ ಈಗ, ತೆನೆ ಸುಲೀರಿ!" ಅವರು ಕೂತು ಸುಲಿದರು. ಚೀಲಕ್ಕೆ ಕಟ್ಟಿ ಕುದಿಯುವ ಕೊಳಕ್ಕಿಳಿಸಿದ ತೆನೆ ಗಳಿಗೆಯಲ್ಲಿ ಬೆಂದಿತು. ಹಸಿದ ನೆಂಟರು ಬ್ರೆಡ್ಡು ಬೆಣ್ಣೆಯೊಂದಿಗೆ ಅದನ್ನೇ ತಿನ್ನುತ್ತ, ಅಜ್ಜನ ತರಲೆಗಳನ್ನು ನೆನೆದು ನಕ್ಕರು. ಮಾಂಸ ಬಂದದ್ದು ನಾಲ್ಕು ಗಂಟೆಗೆ.

ಊಟವಾದ ಮೇಲೆ ರಾಹೇರಾ ಎಲ್ಲರೆದುರೇ ಕೇಳಿದಳು: "ತಿಂಗಳು ಮುಗೀತಲ್ಲಕ್ಕಾ, ಬಿಡಿಸ್ತೀಯೋ ಇಲ್ವೋ?"

"ನೀನು ಪಕ್ಕದೂರಿಗೆ ಹೋದಾಗ ಅವ್ರ ಪೆಟ್ಟಿಗೆ ಮುಟ್ತೀಯೇನೇ?"

"ಛೇ, ನಂಗೇನು ಹುಚ್ಚೇ!"

"ಇವಳು ಮುಟ್ಟಿದ್ಲು. ತನ್ ಮನೆ ಒಲೆ ಅಂದ್ಕೊಂಡು ಮುಟ್ಟಿದ್ಲು. ಬಂದ ದಿನದಿಂದ ನಾನು ಕಾಯ್ತಾ ಇದ್ದದ್ದು ಇದಕ್ಕೇ ಕಣೇ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಅಳು ಸಾಕು ಮಗಳೇ. ನಾಳೆ ಒಂಬತ್ತಕ್ಕೆ ಮೊದಲ್ನೇ ಗುಂಪು ನಿಂದೇ."