ಒಂದೇ ತಂತಿಯ ಹನ್ನೆರಡು ಮಂಚ

ತಲ್ಲೂರಿನ ಹತ್ತಿರ ಸ್ಕೂಟರ್ ಜಾರಿ ತೊಡೆಮೂಳೆ ಮುರಿದುಕೊಂಡ ನಾನು ಕುಂದಾಪುರದ ಸಣ್ಣದೊಂದು ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದೆ. ಬಸ್ರೂರಿನಲ್ಲಿ ಬಟ್ಟೆ ಹೊಲಿಯುವವಳು ನಾನು. ದಿನವಿಡೀ ಕಾಲು ಆಡಿಸಿಯೇ ಬದುಕಿದವಳು. ಆ ಕಾಲಿಗೀಗ ಹಗ್ಗದಲ್ಲಿ ಭಾರ ಕಟ್ಟಿ ಮಂಚದ ತುದಿಯಿಂದ ಇಳಿಬಿಟ್ಟಿದ್ದರು. ಮಗ್ಗುಲಾಗುವ ಹಾಗಿಲ್ಲ. ಬೆನ್ನು ತುರಿಸಿದರೂ ಯಾರನ್ನಾದರೂ ಕರೆಯಬೇಕು.

ಕರೆಯಲು ತಲೆಯ ಪಕ್ಕ ಗುಂಡಿಯಿದ್ದ ಪುಟ್ಟ ಪೆಟ್ಟಿಗೆ. ಒತ್ತಿದರೆ ಕೆಂಪು ದೀಪ. ಸಿಸ್ಟರುಗಳ ಮೇಜಿನ ಕಂಪ್ಯೂಟರಿಗೆ ಕರೆ ತಲುಪಿದರೆ ಅದು ಹಸಿರಾಗುತ್ತಿತ್ತು.

ಕೋಣೆಯ ಇನ್ನೊಂದು ಮಂಚದಲ್ಲಿ ಉಪ್ಪುಂದದ ಮೀನು ಮಾರುವ ಹೆಂಗಸು. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು. ನಾನು ಅಕ್ಕ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಇನ್ಸುಲಿನ್ ಚುಚ್ಚಿಸಿಕೊಂಡ ಮೇಲೂ ಅಕ್ಕ ಊಟ ಮುಟ್ಟಲಿಲ್ಲ. "ಈ ಸಪ್ಪೆ ಗಂಜಿ ಯಾರಿಗ್ ಬೇಕ್ ಹೆಣೆ? ಮಗಳ್ ಮೀನ್ ಸಾರ್ ತಕಂಡ್ ಬತ್ಳ್."

ಮಗಳ ಬಸ್ಸು ತಡವಾಯಿತು. ನೋಡನೋಡುತ್ತಿದ್ದಂತೆ ಅಕ್ಕನ ಹಣೆ, ಕುತ್ತಿಗೆ ಬೆವರಿನಿಂದ ತೊಯ್ದವು.

"ಅಕ್ಕ, ಎಂತ ಆತ್ತ್?"

ತೊದಲುತ್ತಾ ಏನೋ ಹೇಳಿದರು, ಒಂದಕ್ಷರವೂ ತಿಳಿಯಲಿಲ್ಲ. ಮತ್ತೆ ಕರೆದರೆ ಉತ್ತರವೇ ಇಲ್ಲ.

ಗುಂಡಿ ಒತ್ತಿದೆ. ಕೆಂಪು. ಮತ್ತೆ ಒತ್ತಿದೆ. ಹೆಬ್ಬೆರಳು ನೋಯುವವರೆಗೆ ಒತ್ತಿದರೂ ಹಸಿರಾಗಲಿಲ್ಲ. "ಹ್ವಾಯ್! ಯಾರಾರೂ ಬನ್ನಿ!" ಎಂದು ಕಿರುಚಿದೆ. ನಮ್ಮದು ಕಾರಿಡಾರಿನ ಕೊನೆಯ ಕೋಣೆ. ಪಕ್ಕದ ಕೋಣೆಯ ಟೀವಿಯೇ ನನಗಿಂತ ಜೋರಾಗಿತ್ತು. ಏಳಲು ನೋಡಿದೆ. ಕಣ್ಣು ಕತ್ತಲೆ ಬರುವಷ್ಟು ನೋವು. ಭಾರ ನನ್ನನ್ನು ಕೆಳಕ್ಕೆಳೆಯಿತು. ಅಕ್ಕನಿಗೂ ನನಗೂ ನಡುವೆ ಇದ್ದದ್ದು ಮೂರೇ ಹೆಜ್ಜೆ. ಅಳು ಬಂತು.

ಕೈಗೆ ಸಿಕ್ಕ ಸ್ಟೀಲ್ ಲೋಟವನ್ನು ಅರ್ಧ ತೆರೆದ ಬಾಗಿಲಿನತ್ತ ಎಸೆದೆ. ಆಮೇಲೆ ತಟ್ಟೆ. ಆಮೇಲೆ ಫ್ಲಾಸ್ಕ್. ಅದು ಕಾರಿಡಾರಿನಲ್ಲಿ ಉರುಳಿದ ಸದ್ದಿಗೆ ನೆಲ ಒರೆಸುವಾಕೆ ಓಡಿ ಬಂದಳು.

"ಹುಚ್ಚ್ ಹಿಡಿತಾ ನಿಮ್ಗೆ?" ಎಂದವಳು ಅಕ್ಕನ ಮುಖ ನೋಡಿ ಸಿಸ್ಟರನ್ನು ಕೂಗಿದಳು.

ಇನ್ಸುಲಿನ್ ಮೇಲೆ ಊಟವಿಲ್ಲದೆ ಸಕ್ಕರೆ ತೀರಾ ಇಳಿದಿತ್ತಂತೆ. ಸೂಜಿಯಲ್ಲಿ ಗ್ಲೂಕೋಸ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅಕ್ಕ ಕಣ್ಣು ಬಿಟ್ಟು, "ಮಗಳ್ ಬಂದ್ಲಾ?" ಎಂದರು.

ಮರುದಿನ ರಿಪೇರಿಯವರು ಬಂದು ಸರಿಪಡಿಸಿದರು. ಏನಾಗಿತ್ತೆಂದು ಕೇಳಿದ್ದಕ್ಕೆ ಒಬ್ಬರು ನನಗೆ ಹೇಳಿದರು: "ಹನ್ನೆರಡು ಮಂಚಕ್ಕೂ ಒಂದೇ ತಂತಿ ಮೇಡಂ. ಕಂಪ್ಯೂಟರ್ ಒಂದೊಂದೇ ನಂಬರ್ ಕರೆದು, ಏನಾದರೂ ಇದೆಯಾ ಅಂತ ಕೇಳುತ್ತದೆ. ಸರದಿ ಬಂದಾಗ ಮಾತ್ರ ಪೆಟ್ಟಿಗೆ ಉತ್ತರ ಕೊಡಬೇಕು. ಐದನೇ ಮಂಚದ್ದಕ್ಕೆ ನೀರು ಹೋಗಿ, ಸರದಿ ಇಲ್ಲದೆ ಒಂದೇ ಸಮ ಮಾತಾಡಿದೆ. ನಿಮ್ಮದು ಕೇಳುವುದು ಹೇಗೆ?"

ಅಕ್ಕ ನಕ್ಕರು. "ಮೀನ್ ಮಾರ್ಕೆಟಂಗೂ ಹಾಂಗೇ. ಒಬ್ಳ್ ಬಾಯ್ ಮುಚ್ಚದಿದ್ರೆ ಉಳ್ದವ್ರದ್ದ್ ಯಾರಿಗ್ ಕೇಂತ್?"

ನಾನೂ ನಕ್ಕೆ. ಆದರೆ ಭಯ ಹೋಗಲಿಲ್ಲ. ಆಮೇಲಿನ ಹನ್ನೊಂದು ದಿನವೂ ಸುಮ್ಮಸುಮ್ಮನೆ ಗುಂಡಿ ಒತ್ತುತ್ತಿದ್ದೆ. ಸಿಸ್ಟರ್ ಬಂದರೆ ನೀರು ಬೇಕೆಂದು ಸುಳ್ಳು ಹೇಳುತ್ತಿದ್ದೆ. ಒಂದು ದಿನ ಅವರು, "ನಿಜ ಹೇಳಿ, ಎಂತ ಬೇಕ್?" ಎಂದರು.

"ಎಂತ ಬ್ಯಾಡ. ನಾನ್ ಕರದ್ದ್ ನಿಮ್ಗೆ ಕೇಂತಾ ಅಂತ ಕಾಂಬುಕೆ."

ಅವರು ಬಯ್ಯಲಿಲ್ಲ. ಕಾಲಿನ ಹಗ್ಗ ಸರಿಯಿದೆಯೇ ಎಂದು ಮುಟ್ಟಿ ನೋಡಿ ಹೊರಟರು.