ಮಾವನ ಕಾರೂ ಅತ್ತೆಯ ಸೌತೆಕಾಯಿಯೂ

ನನ್ನ ಸೋದರಮಾವ ಬಹಳ ಒಳ್ಳೆಯ ಮನುಷ್ಯ, ಕಾರಿನಿಂದ ಇಳಿದ ಮೇಲೆ.

ಪಣಂಬೂರಿನ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯ ತನಕ ದುಡಿದವರು. ಕಾಂಪೌಂಡಿನ ಒಳಗೆ ಹೆಲ್ಮೆಟ್ ಇಲ್ಲದೆ ಒಂದು ಹೆಜ್ಜೆ ಇಟ್ಟವರಲ್ಲ. ಗೇಟು ದಾಟಿದ ಕೂಡಲೇ ಮಾತ್ರ ತಲೆಯ ಹೆಲ್ಮೆಟ್ ಸ್ಕೂಟರಿನ ಕನ್ನಡಿಗೆ ಹೋಗುತ್ತಿತ್ತು. ಆ ಕನ್ನಡಿಗೆ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ. ಸುರಕ್ಷತೆ ಅಂದರೆ ಹಾಗಿರಬೇಕು.

ಆಮೇಲೆ ಕಾರು ಬಂತು. ಸೀಟ್ ಬೆಲ್ಟನ್ನು ಅವರು ಹಾಕಿಕೊಳ್ಳುವುದಿಲ್ಲ, ಹೊದ್ದುಕೊಳ್ಳುತ್ತಾರೆ. ದೂರದಲ್ಲಿ ಪೊಲೀಸರ ಬಿಳಿ ಟೊಪ್ಪಿ ಕಂಡರೆ ಶಾಲಿನ ಹಾಗೆ ಎದೆಯ ಮೇಲೆ ಎಳೆದುಕೊಂಡು, ಟೊಪ್ಪಿ ಹಿಂದಾದ ಮೇಲೆ ಬಿಟ್ಟುಬಿಡುತ್ತಾರೆ. ಅವರ ಮನೆಯ ಓಣಿ ಇರುವುದು ಹೆದ್ದಾರಿಯ ಆಚೆ ಬದಿಗೆ. ನಗರದಿಂದ ಬರುವವರು ಓಣಿಯನ್ನು ದಾಟಿ ಮುಂದೆ ಹೋಗಿ, ಡಿವೈಡರ್ ತೆರೆದಲ್ಲಿ ಯೂ-ಟರ್ನ್ ಹೊಡೆದು ವಾಪಸ್ ಬರಬೇಕು. ಮಾವ ಅಷ್ಟು ದೂರ ಹೋಗಿದ್ದನ್ನು ಕಂಡವರಿಲ್ಲ. ಮೊದಲೇ ಸಿಗುವ ತೆರಪಿನಲ್ಲಿ ನುಗ್ಗಿ, ಎದುರು ಬರುವ ಲಾರಿಗಳಿಗೆ ಲೈಟ್ ಹಾಕುತ್ತಾ ರಾಂಗ್ ಸೈಡಿನಲ್ಲಿ ಬರುತ್ತಾರೆ. ಕೇಳಿದರೆ, "ಸ್ವಲ್ಪ ದೂರ ಅಲ್ವಾ ಮಾರಾಯ!" ಎದುರಿನ ಲಾರಿಗೂ ಅದು ಸ್ವಲ್ಪ ದೂರವೇ ಅನ್ನುವುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ಅವರೊಬ್ಬರನ್ನೇ ದೂರಲೂ ಆಗದು. ಪಂಪ್‌ವೆಲ್ಲಿನ ಫ್ಲೈಓವರ್ ಎಷ್ಟೋ ವರ್ಷ ಕಟ್ಟಿಸಿಕೊಳ್ಳುತ್ತಲೇ ಇತ್ತಲ್ಲ, ಆಗ ನಿನ್ನೆ ಹೋದ ದಾರಿ ಇವತ್ತು ಬರುವ ದಾರಿಯಾಗುತ್ತಿತ್ತು. ರಸ್ತೆಯ ಎಡ ಬಲ ಎಲ್ಲ ತಾತ್ಕಾಲಿಕ ಎಂಬ ವೇದಾಂತ ನಮ್ಮ ಊರಿಗೆ ಇಳಿದದ್ದು ಅಲ್ಲಿಂದಲೇ.

ಹೀಗಿರುವಾಗ ನನ್ನ ತಂಗಿಗೆ ಹೆರಿಗೆಯಾಯಿತು. ಭಾವ ದುಬೈಯಲ್ಲಿ. ಆಸ್ಪತ್ರೆ ನೇತ್ರಾವತಿ ಸೇತುವೆಯ ಆಚೆ, ಅಮ್ಮನ ಮನೆ ಕುಲಶೇಖರದಲ್ಲಿ. ಆಪರೇಶನ್ ಆದ ಹೊಟ್ಟೆ. ಒಂದು ಹಂಪ್ ಜೋರಾಗಿ ಹಾರಿಸಿದರೂ ಹೊಲಿಗೆ ಹಿಡಿದುಕೊಂಡು ಕೂಗುವ ಸ್ಥಿತಿ. ಮನೆಗೆ ಕರೆತರುವ ಹಿಂದಿನ ದಿನ ಮಾವನ ಫೋನು ಬಂತು.

"ನಾಳೆ ಕಾರು ತರ್ತೇನೆ."

ಅಮ್ಮನ ಮುಖ ಬಿಳುಚಿತು. ನಮ್ಮಲ್ಲಿ ಬಾಣಂತಿಯನ್ನೂ ಮಗುವನ್ನೂ ಆಸ್ಪತ್ರೆಯಿಂದ ತರುವುದು ಸೋದರಮಾವನ ಹಕ್ಕು. ತುಳುವರ ಮನೆಯಲ್ಲಿ ಸೋದರಮಾವನಿಗೆ ಬೇಡ ಅನ್ನುವುದಕ್ಕಿಂತ ಎದುರಿನ ಲಾರಿಗೆ ಬೇಡ ಅನ್ನುವುದು ಸುಲಭ.

ನಾನು ಧೈರ್ಯ ಮಾಡಿದೆ. "ಮಾವ, ಟ್ಯಾಕ್ಸಿ ಹೇಳಿದ್ದೇನೆ. ನಿಮಗೆ ಯಾಕೆ ತೊಂದರೆ?"

"ಟ್ಯಾಕ್ಸಿಯಾ? ನಿನ್ನನ್ನು ತಂದದ್ದು ನಾನು, ನಿನ್ನ ತಂಗಿಯನ್ನು ತಂದದ್ದೂ ನಾನು. ನಿನಗೆ ಎಂತ ಆಗಿದೆ ಈಗ?"

ನನಗೆ ಎಂತ ಆಗಿದೆ ಎಂದು ಹೇಳಲು ಅದು ಹೊತ್ತಲ್ಲ. ಟ್ಯಾಕ್ಸಿಯವನಿಗೆ ಫೋನು ಮಾಡಿ ಬೇಡವೆಂದೆ.

ಮರುದಿನ ಬೆಳಿಗ್ಗೆ ನನ್ನ ಸ್ಕೂಟರನ್ನು ಮಾವನ ಅಂಗಳದಲ್ಲಿಟ್ಟು ಅವರ ಜೊತೆ ಹೊರಟೆ. ಹಿಂದಿನ ಸೀಟಿನಲ್ಲಿ ಅತ್ತೆ. ಕಾರು ಓಣಿ ದಾಟುವ ಮೊದಲೇ ಅವರು ದೈವಗಳನ್ನು ಒಬ್ಬೊಬ್ಬರನ್ನಾಗಿ ನೆನೆಯತೊಡಗಿದರು. ಅಗತ್ಯವಿತ್ತು. ಒಂದು ಮೀನಿನ ಲಾರಿ ರಸ್ತೆಗೆಲ್ಲ ನೀರು ಸುರಿಸುತ್ತಾ ಹೋಗುತ್ತಿತ್ತು. ಮಾವ ಆ ಜಾರುವ ನೀರಿನ ಮೇಲೆಯೇ ಅದನ್ನು ಎಡದಿಂದ ಹಿಂದೆ ಹಾಕಿದರು. ಮುಂದೆ ಟೈಮಿಂಗಿಗಾಗಿ ರೇಸ್ ಹೊಡೆಯುವ ಎರಡು ಸಿಟಿ ಬಸ್ಸುಗಳು. ಅವುಗಳ ನಡುವಿನ ಸಂದಿಗೆ ಮಾವ ಕಾರು ತೂರಿಸಿದರು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನೇ ಬಾಯಿ ತೆರೆದು ನೋಡಿದ. ಸಿಟಿ ಬಸ್ಸಿನ ಕಂಡಕ್ಟರನನ್ನು ಹೆದರಿಸುವುದು ಸಣ್ಣ ಸಾಧನೆಯಲ್ಲ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾನು ನಿಶ್ಚಯಿಸಿದ್ದೆ: ಮಾವ ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ತಂಗಿಯನ್ನು ಆಟೋದಲ್ಲಿ ಕರೆದೊಯ್ಯುತ್ತೇನೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ನರ್ಸ್ ಬಂದು ಮಗುವನ್ನು ಮಾವನ ಕೈಗೆ ಕೊಟ್ಟುಬಿಟ್ಟಳು.

ಮಾವ ಮಗುವನ್ನು ನೋಡಿದರು. ಅದು ಆಕಳಿಸಿತು. ಅವರು ಮಗುವನ್ನು ಅತ್ತೆಗೆ ಕೊಟ್ಟು ಹೊರಗೆ ಹೋದರು.

ನಾವು ಬರುವಾಗ ಮಾವ ಕಾರಿಗೆ ಸುತ್ತು ಬರುತ್ತಿದ್ದರು. ಟಯರುಗಳನ್ನು ಒತ್ತಿ ನೋಡಿದರು. ಮಡಚಿಯೇ ಇರುತ್ತಿದ್ದ ಎಡಗಡೆಯ ಕನ್ನಡಿಯನ್ನು ಬಿಡಿಸಿ ಕರ್ಚೀಫಿನಲ್ಲಿ ಒರೆಸಿದರು. ಹಿಂದಿನ ಸೀಟಿನ ಬೆಲ್ಟುಗಳನ್ನು ಸಂದಿಯಿಂದ ಕಿತ್ತು ತೆಗೆದರು; ಜೊತೆಗೆ ಒಂದು ಪೆನ್ನಿನ ಮುಚ್ಚಳ, ನಾಲ್ಕಾರು ಮಿಠಾಯಿ ಕಾಗದ ಹೊರಬಂದವು. ತಂಗಿಯ ಬೆಲ್ಟಿನ ಅಡಿಗೆ ಮೆತ್ತಗಿನ ಟವೆಲ್ ಇಟ್ಟರು. ಆಮೇಲೆ ತಮ್ಮ ಬೆಲ್ಟನ್ನು ಎಳೆದು, ಟಕ್ ಎಂದು ಸಿಕ್ಕಿಸಿದರು. ನಾನು ಸುತ್ತ ನೋಡಿದೆ. ಪೊಲೀಸರು ಯಾರೂ ಇರಲಿಲ್ಲ.

ಕಾರು ಹೊರಟಿತು, ತೇರಿನ ಹಗ್ಗ ಎಳೆದ ಹಾಗೆ, ಮೆಲ್ಲಗೆ. ಹಂಪ್ ಬಂದರೆ ದೂರದಿಂದಲೇ "ಹಿಡ್ಕೊ ಮಗಾ" ಎಂದು ತಂಗಿಗೆ ಹೇಳಿ, ಚಕ್ರ ಒಂದೊಂದಾಗಿ ಹತ್ತಿಸಿ ಇಳಿಸಿದರು. ಸೇತುವೆಯ ಮೇಲೆ ಹಿಂದಿನವರೆಲ್ಲ ಹಾರ್ನ್ ಹೊಡೆದೇ ಹೊಡೆದರು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಂಕಲ್, ಮಲಗಿದ್ದೀರಾ?" ಎಂದು ಕೇಳಿ ಹೋದ. ಅವನ ಹೆಲ್ಮೆಟ್ ಮೊಣಕೈಯಲ್ಲಿ ಸುರಕ್ಷಿತವಾಗಿತ್ತು. ಪಂಪ್‌ವೆಲ್ ದಾಟಿ ನಂತೂರು ಹತ್ತಿರವಾದಾಗ ಕಾರಿನೊಳಗೆ ಎಂತದೋ ಟಿಕ್ ಟಿಕ್ ಶಬ್ದ ಶುರುವಾಯಿತು.

"ಅಯ್ಯೋ, ಎಂತ ಹಾಳಾಯ್ತು?" ಅತ್ತೆ ಗಾಬರಿಯಾದರು.

"ಇಂಡಿಕೇಟರ್," ಎಂದರು ಮಾವ.

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ಆ ಶಬ್ದ ಕೇಳಿದ್ದು ಅದೇ ಮೊದಲು.

ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮಾವ ನಿಲ್ಲಿಸಿದರು, ಅದೂ ಬಿಳಿ ಗೆರೆಯ ಹಿಂದೆ! ಹಿಂದೆ ಬ್ರೇಕುಗಳ ಕಿರುಚಾಟ. ಒಂದು ಸಿಟಿ ಬಸ್ಸು ನಮ್ಮ ಡಿಕ್ಕಿಗೆ ಮೂತಿ ತಾಗಿಸುವಷ್ಟು ಹತ್ತಿರ ಬಂದು ನಿಂತಿತು. ತಂಗಿ ಕಣ್ಣು ಮುಚ್ಚಿದಳು. ಪಕ್ಕದ ಆಟೋದಿಂದ ನಮಾಜಿನ ಬಿಳಿ ಟೊಪ್ಪಿ ಹಾಕಿದ ಬ್ಯಾರಿ ಡ್ರೈವರ್ ತಲೆ ಹೊರಗೆ ಹಾಕಿದ.

"ಎಂತ ಅಣ್ಣ, ಗಾಡಿ ಆಫ್ ಆಯ್ತಾ? ದೂಡಬೇಕಾ?"

"ಸಿಗ್ನಲ್ ಉಂಟಲ್ಲ ಮಾರಾಯ."

"ಪೊಲೀಸ್ ಇಲ್ಲ ಅಲ್ವಾ?"

ಮಾವ ಹಿಂದಿನ ಸೀಟನ್ನು ತೋರಿಸಿದರು. ಆತ ಬಗ್ಗಿ ನೋಡಿದ. ಮುಖದ ನಗು ಬೇರೆಯಾಯಿತು. "ಓ, ಸಣ್ಣ ಮಗು!" ಎಂದವನೇ ಬಸ್ಸಿನ ಕಡೆ ತಿರುಗಿ, "ಹೋಯ್, ಹಾರ್ನ್ ಸಾಕು, ಒಳಗೆ ಮಗು ಉಂಟು!" ಎಂದು ಗದರಿದ. ಹಾರ್ನ್ ನಿಂತಿತು. ದೀಪ ಹಸಿರಾದ ಮೇಲೆ ಆ ಆಟೋ ಕುಲಶೇಖರದ ತನಕ ನಮ್ಮ ಹಿಂದೆಯೇ ಬಂತು, ಯಾರನ್ನೂ ಮೈಮೇಲೆ ಬರಲು ಬಿಡದೆ.

ಮನೆಯ ಅಂಗಳದಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ತಂಗಿ ನಿಧಾನವಾಗಿ ಇಳಿದು, ಹೊಟ್ಟೆ ಹಿಡಿದುಕೊಂಡೇ ಮಾವನನ್ನು ನೋಡಿ ನಕ್ಕಳು.

"ಮಾವ, ಒಂದು ಹೊಲಿಗೆಯೂ ನೋಯಲಿಲ್ಲ. ಹಾಗಾದರೆ ನಿಮಗೆ ಡ್ರೈವಿಂಗ್ ಬರ್ತದೆ!"

"ಬಾರದೆ ಎಂತ? ಎಲ್ಲ ಗೊತ್ತುಂಟು ನನಗೆ," ಎಂದು ಮಾವ ಮೀಸೆ ನೀವಿಕೊಂಡರು.

ಮೂವತ್ತು ಚಿಲ್ಲರೆ ವರ್ಷ ಈ ಮನುಷ್ಯನಿಗೆ ಗೊತ್ತಿಲ್ಲ ಎಂದುಕೊಂಡು ದೈವಗಳಿಗೆ ಹರಕೆ ಹೊತ್ತವರು ಅತ್ತೆ. ಗೊತ್ತಿದ್ದೂ ಹೀಗೆ ಎಂದು ಈಗ ತಿಳಿಯಿತಲ್ಲ, ಅವರು ಒಂದು ಲೋಟ ನೀರು ಕುಡಿದು ಕೂತರು.

ಊಟ ಮುಗಿಸಿ, ಸ್ಕೂಟರ್ ತರಲು ನಾನೂ ಅವರ ಜೊತೆ ಹೊರಡುವಾಗ ಅಮ್ಮ ಹಿತ್ತಲಿನ ಒಂದು ಸೌತೆಕಾಯಿ ಕೊಟ್ಟರು, ನಮ್ಮೂರಿನ ಹಳದಿ ಪಟ್ಟೆಯ ದಪ್ಪ ಸೌತೆಕಾಯಿ. ಅತ್ತೆ ಮಗುವಿನ ಹತ್ತಿ ಬಟ್ಟೆಯೊಂದನ್ನು ಕೇಳಿ ಪಡೆದು, ಸೌತೆಕಾಯಿಯನ್ನು ತಲೆಯಿಂದ ಬುಡದ ತನಕ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬೆಲ್ಟು ಹಾಕಿ ಕೂತರು.

"ಇದೆಂತ ವೇಷ?" ಮಾವ ಕೇಳಿದರು.

"ಮಗು ಇದ್ದರೆ ಸರಿ ಓಡಿಸ್ತೀರಲ್ಲ. ನಾನೊಬ್ಬಳೇ ಇದ್ದರೆ ಸಾಲದು. ಅದಕ್ಕೆ."

ಮಾವ ಕಾರು ಹೊರಡಿಸಿದರು. ಕೊಟ್ಟಾರ, ಕೂಳೂರು ದಾಟಿತು. ಅವರ ಆ ಹಳೆಯ ತೆರಪು ಬಂತು. ರೂಢಿಯ ಕೈ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಎಳೆಯಿತು. ಮಾವ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಅತ್ತೆ ಸೌತೆಕಾಯಿಯ ಬೆನ್ನು ತಟ್ಟುತ್ತಿದ್ದರು.

ಕಾರು ನೇರ ಮುಂದೆ ಹೋಯಿತು, ಯೂ-ಟರ್ನಿನ ತನಕ. ನಾನು ಆ ಜಾಗವನ್ನು ಮಾವನ ಕಾರಿನೊಳಗಿಂದ ನೋಡಿದ್ದು ಅದೇ ಮೊದಲು. ಟಿಕ್ ಟಿಕ್ ಶಬ್ದವಾಯಿತು. ಈ ಸಲ ಅತ್ತೆ ಗಾಬರಿಯಾಗಲಿಲ್ಲ.

ಅತ್ತೆ ಆ ಸೌತೆಕಾಯಿಯನ್ನು ಸಾಂಬಾರಿಗೆ ಹಾಕಲೇ ಇಲ್ಲ. ಅದು ಬಟ್ಟೆ ಸುತ್ತಿಕೊಂಡು ಹಿಂದಿನ ಸೀಟಿನಲ್ಲೇ ಇದೆ. ಬಾಡಿದರೆ ಬದಲಾಯಿಸುತ್ತಾರಂತೆ.