ಅಟ್ಟದ ಬೂಷ್ಟು, ರಕ್ತದ ಯೀಸ್ಟು

ಅಕ್ಕನ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ, ತುಮಕೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೈ ತಣ್ಣಗಾಗುತ್ತಿತ್ತು, ಉಸಿರು ನಡುನಡುವೆ ನಿಲ್ಲುತ್ತಿತ್ತು. ರಕ್ತದಲ್ಲಿ ಫಂಗಸ್ ಇದೆ ಎಂದರು ಡಾಕ್ಟರು. ಬಿಳಿಗೆರೆಯ ಅಜ್ಜಿಗೆ ಫೋನಿನಲ್ಲಿ ಅದನ್ನು ತಿಳಿಸುವಾಗ ಅಮ್ಮ ‘ಬೂಷ್ಟು’ ಎಂದುಬಿಟ್ಟರು.

ಅಕ್ಕನ ಬಟ್ಟೆ ತರಲು ನಾನು ಬಿಳಿಗೆರೆಗೆ ಹೋದಾಗ ಅಂಗಳದ ತುಂಬ ತೆಂಗಿನಕಾಯಿ. ಒಣಗಿ ಕೊಬ್ಬರಿಯಾಗಲು ಇನ್ನೂ ತಿಂಗಳುಗಳು ಬೇಕಿದ್ದ ಕಾಯಿಗಳನ್ನು ಅಜ್ಜಿ ಮಾವನ ಕೈಯಲ್ಲಿ ಅಟ್ಟದಿಂದ ಇಳಿಸುತ್ತಿದ್ದರು.

“ಬಸುರೀನ ಈ ಅಟ್ಟದ ಕೆಳಗೇ ಮಲಗಿಸ್ಬುಟ್ಟೆ ಕಣೇ. ಕೊಬ್ರಿ ಬೂಷ್ಟು ಮಗೀಗೆ ಹತ್ಕಂತು.”

“ಅದು ಬೂಷ್ಟಲ್ಲ ಅಜ್ಜಿ, ಯೀಸ್ಟು. ದೋಸೆಹಿಟ್ಟು ಉಬ್ಬುತ್ತಲ್ಲ, ಅದರಲ್ಲಿರೋದ್ರ ದೂರದ ನೆಂಟ.”

“ನೆಂಟ್ರ ಕಾಟ ಅನ್ನು.”

ಎಲ್ಲಿಂದ ಬಂತೆಂದು ಡಾಕ್ಟರಿಗೂ ಗೊತ್ತಿಲ್ಲ, ಅಟ್ಟವನ್ನು ದೂರಲು ಕಾರಣವಿಲ್ಲ ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. “ಮಗ ಉಳಿತದಾ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮೊದಲ ಔಷಧಿಗೆ ಬಗ್ಗಿಲ್ಲ. ಲ್ಯಾಬಲ್ಲಿ ಅದನ್ನ ಬೆಳೆಸಿ ನೋಡ್ತಿದಾರೆ.”

“ಸಾಯ್ಸೋದು ಬುಟ್ಟು ಬೆಳೆಸ್ತಾರಾ?”

“ಬೆಳೆಸಿದ್ರೆ ತಾನೇ ಯಾವುದಕ್ಕೆ ಸಾಯುತ್ತೆ ಅಂತ ಗೊತ್ತಾಗೋದು.”

ಅಟ್ಟದ ತಪ್ಪಿಲ್ಲ ಅಂದ್ಮೇಲೆ ಕಾಯಿ ಮತ್ತೆ ಮೇಲಕ್ಕೆ ಹಾಕು ಎಂದು ಅಜ್ಜಿ ಮಾವನಿಗೆ ಹೇಳಿದರು.

“ಇಳ್ಸು ಅಂತೀಯೋ, ಹತ್ಸು ಅಂತೀಯೋ, ಒಂದ್ ಹೇಳವ್ವ,” ಎಂದರು ಮಾವ, ಬೆನ್ನು ಹಿಡಿದುಕೊಂಡು.

ಲ್ಯಾಬಿನ ವರದಿಯಲ್ಲಿದ್ದ ಹೆಸರನ್ನು ನಾನು ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುವಾಗ ಒಂದು ಅಡಿಟಿಪ್ಪಣಿಯಲ್ಲಷ್ಟೇ ಕಂಡಿದ್ದೆ. ಅಪರೂಪದ ಜಾತಿ. ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್‌ಗೆ ಅದು ಜಗ್ಗುವುದಿಲ್ಲ, ಆಂಫೊಟೆರಿಸಿನ್‌ಗೆ ಸಾಯುತ್ತದೆ ಎಂದಿತ್ತು. ಅಂದೇ ಔಷಧಿ ಬದಲಾಯಿತು. ಇದು ಮೂತ್ರಪಿಂಡಕ್ಕೆ ಭಾರವಾಗುವ ಔಷಧಿ. ಮೂತ್ರ ಕಡಿಮೆಯಾಗುತ್ತಿದೆಯೇ ಎಂದು ನೋಡಲು ನರ್ಸುಗಳು ಮಗುವಿನ ಒದ್ದೆ ಡೈಪರನ್ನು ತೂಗಿ ಬರೆದಿಡುತ್ತಿದ್ದರು. ಡೈಪರಿನ ತೂಕ ಇಳಿಯಲಿಲ್ಲ. ಮೈ ಬೆಚ್ಚಗಾಯಿತು. ಉಸಿರು ನಿಲ್ಲುವುದು ಕಡಿಮೆಯಾಯಿತು. ಆದರೂ ರಕ್ತ ಶುದ್ಧವಾಗಿದೆಯೇ ಎಂದು ತಿಳಿಯಲು ಮತ್ತೊಂದು ವರದಿಗೆ ಕಾಯಬೇಕಿತ್ತು.

ಅದು ಬಂದಾಗ ನಾನು ಕಾಫಿ ತರಲು ಹೋಗಿದ್ದೆ. ಹಿಂದಿರುಗಿದರೆ ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಿದ್ದಳು.

“ನೋ ಗ್ರೋತ್ ಅಂದ್ರು. ಪಾಪೂಗೆ ಬೆಳವಣಿಗೇನೇ ಇಲ್ವಂತೆ.”

“ಪಾಪೂಗಲ್ಲ ಕಣಕ್ಕ, ಯೀಸ್ಟಿಗೆ.”

ಅವಳಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ನನ್ನ ಹೆಗಲಿಗೆ ಒಂದೇಟು ಕೊಟ್ಟಳು; ಕಾಫಿ ನನ್ನ ದುಪಟ್ಟಾದ ಮೇಲೆ ಚೆಲ್ಲಿತು.

ಔಷಧಿ ಇನ್ನೂ ಕೆಲವು ದಿನ ನಡೆಯಬೇಕಿತ್ತು. ಅಂದು ಸಂಜೆ ನರ್ಸ್ ಅಕ್ಕನಿಗೆ ಮೊಣಕೈವರೆಗೂ ಕೈ ತೊಳೆಸಿ, ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದರು.